ತೋಟಕ್ಕೆ ಸ್ಟೇ ಇದೆ, ಮಂಡಿಗೆ ಇಲ್ಲ: ವಿಚ್ಛೇದನದ ಆಸ್ತಿ ವ್ಯಾಜ್ಯದಲ್ಲಿ ವ್ಯಾಪಾರ ಉಳಿಸುವ ಕೋರ್ಟ್ ಆದೇಶಗಳ ವಿಮರ್ಶೆ

ಶಿವಮೊಗ್ಗದಲ್ಲಿ ಗಂಡ-ಹೆಂಡತಿಯ ಆಸ್ತಿ ಜಗಳ ಕೋರ್ಟ್ ಮೆಟ್ಟಿಲೇರಿತು ಎಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು, "ಒಂದು ಸ್ಟೇ ತಗೊಂಡುಬಿಡಿ". ಆ ಸ್ಟೇ ಸಾಮಾನ್ಯವಾಗಿ ಬೀಳುವುದು ಪಹಣಿಯಲ್ಲಿರುವ ತೋಟ, ಮನೆ, ಸೈಟುಗಳ ಮೇಲೆ. ಇವು ರಾತ್ರೋರಾತ್ರಿ ಎಲ್ಲಿಗೂ ಹೋಗುವುದಿಲ್ಲ. ಹೋಗುವುದು ಮಂಡಿಯ ದಾಸ್ತಾನು, ಗಿರಾಕಿಗಳಿಂದ ಬರಬೇಕಾದ ಬಾಕಿ, ಲಾರಿ, ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸಿದ ಕ್ಯೂಆರ್ ಕೋಡಿನ ಹಿಂದಿರುವ ಖಾತೆ. ಅಡಿಕೆ, ಕಾಫಿ, ಕಾಳುಮೆಣಸು, ಅಕ್ಕಿ ಗಿರಣಿ, ಹೋಂಸ್ಟೇ ಇವುಗಳ ಮೇಲೆ ನಿಂತ ಮಲೆನಾಡಿನ ಮನೆತನಗಳಲ್ಲಿ ನಿಜವಾದ ದುಡ್ಡು ಇರುವುದು ಅಲ್ಲೇ. ಹಾಗಾಗಿ ವ್ಯಾಪಾರದ ಆಸ್ತಿ ಕಾಯಲು ನ್ಯಾಯಾಲಯದಿಂದ ಸಿಗುವ ಆದೇಶಗಳನ್ನು ಇಲ್ಲಿ ಒಂದು ಸೇವೆಯಂತೆ ತೂಗಿ ನೋಡಿದ್ದೇವೆ: ಯಾವುದು ಬೇಗ ಸಿಗುತ್ತದೆ, ಯಾವುದು ಹಿಡಿಯುತ್ತದೆ, ಯಾವುದು ಕಾಗದದಲ್ಲೇ ಉಳಿಯುತ್ತದೆ.

ನಮ್ಮ ತೀರ್ಪು ಮೊದಲೇ ಹೇಳುತ್ತೇವೆ. ನಡೆಯುವ ವ್ಯಾಪಾರಕ್ಕೆ ಅತ್ಯಂತ ಪ್ರಯೋಜನದ್ದು ನ್ಯಾಯಾಲಯ ನೇಮಿಸುವ ಕಮಿಷನರ್ ಮೂಲಕ ದಾಸ್ತಾನು ಪಟ್ಟಿ ಮಾಡಿಸಿ, ತಿಂಗಳು ತಿಂಗಳು ಲೆಕ್ಕ ಸಲ್ಲಿಸುವಂತೆ ಮಾಡುವ ಆದೇಶ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇವೆ. ಜನ ಅತಿ ಹೆಚ್ಚು ಕೇಳುವ "ಖಾತೆ ಫ್ರೀಜ್ ಮಾಡಿಸಿ" ಎಂಬುದಕ್ಕೆ ಒಂದೂವರೆ ಸಾಕು.

ಹಕ್ಕು ಯಾವುದರ ಮೇಲೆ ನಿಂತಿದೆ

ಮದುವೆಯ ನಂತರ ಗಳಿಸಿದ್ದೆಲ್ಲ ಇಬ್ಬರಿಗೂ ಅರ್ಧರ್ಧ ಎಂಬ ನಿಯಮ ನಮ್ಮಲ್ಲಿಲ್ಲ. ಗೋವಾದಲ್ಲಿ ಪೋರ್ಚುಗೀಸ್ ಕಾಲದ ಸಿವಿಲ್ ಸಂಹಿತೆಯಿಂದ ಬಂದ ಪದ್ಧತಿ ಬೇರೆ. ಕರ್ನಾಟಕದಲ್ಲಿ ಯಾರ ಹೆಸರಿನಲ್ಲಿದೆಯೋ ಅವರದ್ದು ಎಂಬಲ್ಲಿಂದಲೇ ವಾದ ಶುರುವಾಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 27 ಮುಟ್ಟುವುದು ಮದುವೆಯ ಹೊತ್ತಿನಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ ವಸ್ತುಗಳನ್ನು ಮಾತ್ರ. ಇಪ್ಪತ್ತು ವರ್ಷ ಜೊತೆಗೂಡಿ ಬೆಳೆಸಿದ ಮಂಡಿಯನ್ನು ಆ ಸೆಕ್ಷನ್ನಿನ ಕೆಳಗೆ ತರಲು ಹೊರಟರೆ ಅರ್ಜಿ ಬಿದ್ದುಹೋಗುತ್ತದೆ.

ಇಲ್ಲೇ ಬಹಳ ಜನ ಎಡವುವುದು. ವಿಚ್ಛೇದನದ ಅರ್ಜಿಯೊಳಗೇ ಒಂದು ಐಎ (ಮಧ್ಯಂತರ ಅರ್ಜಿ) ಹಾಕಿ ವ್ಯಾಪಾರಕ್ಕೆ ತಡೆಯಾಜ್ಞೆ ಕೇಳುತ್ತಾರೆ. ಮೂಲ ಅರ್ಜಿಯಲ್ಲಿ ಕೇಳಿರುವುದು ವಿಚ್ಛೇದನ ಮಾತ್ರ. ಆಸ್ತಿಯ ಮಾತೇ ಅಲ್ಲಿಲ್ಲ. ಎದುರು ವಕೀಲರು ಅಷ್ಟನ್ನೇ ತೋರಿಸಿ ಐಎ ವಜಾ ಮಾಡಿಸುತ್ತಾರೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 7ರ ವಿವರಣೆಯಲ್ಲಿ ದಂಪತಿಯ ಆಸ್ತಿಯ ವ್ಯಾಜ್ಯಕ್ಕೆ ಖಂಡ (ಸಿ), ವೈವಾಹಿಕ ಸಂಬಂಧದಿಂದ ಹುಟ್ಟಿದ ಸಂದರ್ಭಗಳಲ್ಲಿ ಬೇಕಾಗುವ ತಡೆಯಾಜ್ಞೆಗೆ ಖಂಡ (ಡಿ) ಬೇರೆಯಾಗಿಯೇ ಇವೆ. ಆ ಖಂಡಗಳ ಕೆಳಗೆ ಹಕ್ಕು ಘೋಷಣೆ, ಲೆಕ್ಕ, ಪಾಲು ಅಥವಾ ಶಾಶ್ವತ ತಡೆಯಾಜ್ಞೆ ಕೇಳಿದ ಪ್ರತ್ಯೇಕ ಅರ್ಜಿ ಇರಬೇಕು; ಮಧ್ಯಂತರ ಆದೇಶ ನಿಲ್ಲುವುದು ಅದರ ಬೆನ್ನ ಮೇಲೆ. ಕೌಟುಂಬಿಕ ನ್ಯಾಯಾಲಯ ಇರುವ ಕಡೆ ಈ ವಿಷಯಗಳನ್ನು ಸಿವಿಲ್ ನ್ಯಾಯಾಲಯಕ್ಕೆ ಒಯ್ಯುವುದನ್ನು ಸೆಕ್ಷನ್ 8 ತಡೆಯುತ್ತದೆ. ಸಾಗರ, ಸೊರಬ, ತೀರ್ಥಹಳ್ಳಿ, ಹೊಸನಗರದವರು ತಮ್ಮ ಕೇಸು ಎಲ್ಲಿ ದಾಖಲಾಗಬೇಕು ಎಂಬುದನ್ನು ಫೈಲ್ ಮಾಡುವ ಮೊದಲೇ ಖಚಿತ ಮಾಡಿಕೊಳ್ಳಬೇಕು. ವ್ಯಾಪ್ತಿಯ ತಕರಾರಿನಲ್ಲಿ ಕಳೆದ ಎರಡು ತಿಂಗಳು ವಖಾರಿ (ಗೋದಾಮು) ಖಾಲಿ ಮಾಡಲು ಧಾರಾಳ ಸಾಕು.

ಹಕ್ಕು ತೋರಿಸುವ ದಾಖಲೆಗಳಲ್ಲಿ ಗಟ್ಟಿಯಾದದ್ದು ಪಾಲುದಾರಿಕೆ ಪತ್ರ. ಅದಿಲ್ಲದಿದ್ದರೆ ನಿಮ್ಮ ಖಾತೆಯಿಂದ ಸಂಸ್ಥೆಯ ಖಾತೆಗೆ ಹೋದ ಹಣ, ಒಡವೆ ಅಡವಿಟ್ಟು ತಂದ ಸಾಲದ ರಸೀದಿ, ಬ್ಯಾಂಕ್ ಸಾಲಕ್ಕೆ ಜಾಮೀನುದಾರರಾಗಿ ಹಾಕಿದ ಸಹಿ. ಜಾಮೀನಿನ ಸಹಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಲ ಮುಳುಗಿದರೆ ತೀರಿಸಬೇಕಾದವರು ನೀವೂ ಹೌದು ಎಂದಾದಾಗ ವ್ಯಾಪಾರದ ಆಸ್ತಿ ಕರಗದಂತೆ ನೋಡಿಕೊಳ್ಳುವ ಹಿತಾಸಕ್ತಿ ನಿಮಗಿದೆ ಎಂದು ನ್ಯಾಯಾಧೀಶರಿಗೆ ಮನವರಿಕೆ ಮಾಡುವುದು ಬಹಳ ಸುಲಭ.

ಆರ್ಡರ್ 39ರ ತಡೆಯಾಜ್ಞೆ

ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆರ್ಡರ್ 39, ರೂಲ್ 1 ಮತ್ತು 2. ಎಲ್ಲರಿಗೂ ಗೊತ್ತಿರುವ ದಾರಿ ಇದು. ಮೂರು ವಿಷಯ ತೋರಿಸಬೇಕು: ಮೇಲ್ನೋಟಕ್ಕೆ ನಿಮ್ಮ ಪರ ಪ್ರಕರಣವಿದೆ, ಆದೇಶ ಕೊಟ್ಟರೆ ಎದುರಿನವರಿಗಾಗುವ ತೊಂದರೆಗಿಂತ ಕೊಡದಿದ್ದರೆ ನಿಮಗಾಗುವ ತೊಂದರೆ ಹೆಚ್ಚು, ಆ ನಷ್ಟವನ್ನು ಮುಂದೆ ಹಣದಿಂದ ತುಂಬಿಕೊಡಲಾಗದು. ವ್ಯಾಪಾರದ ಕೇಸುಗಳು ಸೋಲುವುದು ಮೂರನೆಯದರಲ್ಲಿ. "ಅಡಿಕೆ ಮಾರಿದರೇನು, ಮುಂದೆ ಲೆಕ್ಕ ಹಾಕಿ ಹಣ ಕೊಡುತ್ತಾರಲ್ಲ" ಎಂಬುದು ಎದುರಿನವರ ಸಿದ್ಧ ಉತ್ತರ. ಲೆಕ್ಕವೇ ಸಿಗದಂತೆ ವ್ಯಾಪಾರ ಬೇರೆ ಹೆಸರಿಗೆ ಹೋಗುತ್ತಿದೆ ಎಂದು ತೋರಿಸಿದರೆ ಮಾತ್ರ ಆ ಉತ್ತರಕ್ಕೆ ಬಲ ಉಳಿಯುವುದಿಲ್ಲ. ಅದೇ ಮಳಿಗೆಯ ವಿಳಾಸದಲ್ಲಿ ತಮ್ಮನ ಹೆಸರಿನಲ್ಲಿ ಹೊಸ ಜಿಎಸ್‌ಟಿ ನೋಂದಣಿ, ಹಳೆಯ ಗಿರಾಕಿಗಳಿಗೆ ಹೊಸ ಬಿಲ್ ಪುಸ್ತಕ, ಕೌಂಟರಿನಲ್ಲಿ ಬದಲಾದ ಕ್ಯೂಆರ್ ಕೋಡ್. ಇವುಗಳ ಫೋಟೊ, ಬಿಲ್ಲಿನ ಪ್ರತಿ ಇದ್ದರೆ ಅಫಿಡವಿಟ್ಟಿಗೆ ಜೀವ ಬರುತ್ತದೆ. ಜಿಎಸ್‌ಟಿ ಪೋರ್ಟಲಿನಲ್ಲಿ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಹಾಕಿದರೆ ಸಂಸ್ಥೆಯ ಹೆಸರು, ವಿಳಾಸ, ನೋಂದಣಿ ದಿನಾಂಕ ಯಾರಿಗಾದರೂ ಕಾಣುತ್ತದೆ. ಪ್ಯಾನ್ ಹಾಕಿದರೆ ಆ ಪ್ಯಾನಿನ ಕೆಳಗಿನ ನೋಂದಣಿಗಳೆಲ್ಲ ಕಾಣುತ್ತವೆ.

ನೋಟಿಸ್ ಕೊಡದೆ ಏಕಪಕ್ಷೀಯವಾಗಿ ಆದೇಶ ಸಿಕ್ಕಿದರೆ ಸಂತೋಷಪಡುತ್ತ ಮನೆಗೆ ಹೋಗುವಂತಿಲ್ಲ. ರೂಲ್ 3ರ ಪ್ರಕಾರ ಅರ್ಜಿ, ಅಫಿಡವಿಟ್, ದಾವಾ ಪತ್ರ, ದಾಖಲೆಗಳ ಪ್ರತಿಗಳನ್ನು ಎದುರುದಾರರಿಗೆ ಕೂಡಲೇ ತಲುಪಿಸಬೇಕು ಅಥವಾ ನೋಂದಾಯಿತ ಅಂಚೆಯಲ್ಲಿ ಕಳಿಸಬೇಕು. ಕಳಿಸಿದ್ದಾಗಿ ಆ ದಿನವೇ ಅಥವಾ ಮಾರನೆಯ ದಿನ ಅಫಿಡವಿಟ್ ಸಲ್ಲಿಸಬೇಕು. ಇದನ್ನು ಬಿಟ್ಟದ್ದಕ್ಕೇ ಒಳ್ಳೊಳ್ಳೆಯ ಆದೇಶಗಳು ತೆರವಾಗಿವೆ. ರೂಲ್ 3ಎ ಪ್ರಕಾರ ಅಂಥ ಅರ್ಜಿಯನ್ನು 30 ದಿನದೊಳಗೆ ತೀರ್ಮಾನಿಸಲು ನ್ಯಾಯಾಲಯ ಯತ್ನಿಸಬೇಕು. ನಡೆಯುವುದು ಅದಕ್ಕಿಂತ ನಿಧಾನ, ಆದ್ದರಿಂದ ಪ್ರತಿ ವಾಯಿದೆಯಲ್ಲೂ ಆದೇಶ ಪತ್ರದ ಮೇಲೆ ಕಣ್ಣಿಡಿ. "ಮುಂದಿನ ದಿನಾಂಕದವರೆಗೆ" ಎಂದು ಕೊಟ್ಟ ಮಧ್ಯಂತರ ಆದೇಶವನ್ನು ಆ ದಿನಾಂಕದಂದು ಮುಂದುವರಿಸದಿದ್ದರೆ ಅದು ಅಲ್ಲಿಗೆ ಮುಗಿಯಿತು. ಕೇಸನ್ನು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುವಾಗ ಇದು ವಿಶೇಷವಾಗಿ ತಪ್ಪಿಹೋಗುತ್ತದೆ. ಮಧ್ಯಸ್ಥಿಕೆ ಮುಗಿದು ವರದಿ ಬರುವ ತನಕ ಆದೇಶ ಮುಂದುವರಿಯುತ್ತದೆ ಎಂದು ಕಳಿಸುವ ದಿನವೇ ಬರೆಸಿಕೊಳ್ಳಬೇಕು.

ಎದುರಿನವರು ಮೊದಲೇ ಕೇವಿಯಟ್ (ತಮಗೆ ತಿಳಿಸದೆ ಆದೇಶ ಕೊಡಬಾರದು ಎಂಬ ಮುಂಚಿತ ಅರ್ಜಿ) ಹಾಕಿದ್ದರೆ ಏಕಪಕ್ಷೀಯ ಆದೇಶದ ಆಸೆ ಬಿಡಿ. ಸಿಪಿಸಿಯ ಸೆಕ್ಷನ್ 148ಎ ಪ್ರಕಾರ ಕೇವಿಯಟ್ 90 ದಿನ ಬದುಕಿರುತ್ತದೆ. ಇ-ಕೋರ್ಟ್ಸ್ ಪೋರ್ಟಲಿನಲ್ಲಿ ಕೇವಿಯಟ್ ಹುಡುಕುವ ಅವಕಾಶವಿದೆ. ಅರ್ಜಿ ಹಾಕುವ ಮೊದಲು ನೋಡಿಕೊಳ್ಳಿ.

ಈ ಆದೇಶಕ್ಕೆ ನಮ್ಮ ಅಂಕ ಮೂರು. ಕಡಿಮೆಯಾಗಲು ಮುಖ್ಯ ಕಾರಣ "ಯಥಾಸ್ಥಿತಿ" ಎಂಬ ಒಂದು ಪದ. ಖಾಲಿ ಸೈಟಿಗೆ ಯಥಾಸ್ಥಿತಿ ಎಂದರೆ ಅರ್ಥವಿದೆ. ಬೆಳಿಗ್ಗೆ ಚೀಲ ಬಂದು ಸಂಜೆ ಲಾರಿ ಹತ್ತುವ ಮಂಡಿಗೆ ಯಾವ ದಿನದ, ಯಾವ ಗಂಟೆಯ ಯಥಾಸ್ಥಿತಿ? ಎಲ್ಲವೂ ನಿಲ್ಲಬೇಕು ಎಂದು ಒಬ್ಬರು ಓದುತ್ತಾರೆ, ಎಂದಿನಂತೆ ಮಾರಬಹುದು ಎಂದು ಇನ್ನೊಬ್ಬರು ಓದುತ್ತಾರೆ. ಹಾಗಾಗಿ ಕೋರಿಕೆಯನ್ನು ಬಿಡಿಸಿ ಬರೆಯಬೇಕು, ಹೆಚ್ಚುಕಡಿಮೆ ಹೀಗೆ (ಷೆಡ್ಯೂಲ್ ಎಂದರೆ ಅರ್ಜಿಯ ಜೊತೆಗಿನ ಆಸ್ತಿ ಪಟ್ಟಿ): "ಎದುರುದಾರರು ತಾವಾಗಲಿ, ತಮ್ಮ ಗುಮಾಸ್ತರು, ಸಂಬಂಧಿಕರು ಅಥವಾ ತಮ್ಮ ಪರವಾಗಿ ನಡೆದುಕೊಳ್ಳುವ ಬೇರೆ ಯಾರ ಮೂಲಕವಾಗಲಿ, ಷೆಡ್ಯೂಲಿನ ದಾಸ್ತಾನು, ಯಂತ್ರ, ವಾಹನಗಳನ್ನು ದೈನಂದಿನ ವ್ಯಾಪಾರದ ವಾಡಿಕೆಗೆ ಹೊರತಾಗಿ ಮಾರದಂತೆ, ಅಡವಿಡದಂತೆ, ಬೇರೆಡೆಗೆ ಸಾಗಿಸದಂತೆ, ತೆರಿಗೆ ಬಿಲ್ ಇಲ್ಲದೆ ಸರಕು ಹೊರಹಾಕದಂತೆ, ಮಾರಾಟದ ಹಣವನ್ನು ಷೆಡ್ಯೂಲಿನಲ್ಲಿ ಹೇಳಿದ ಖಾತೆಯಲ್ಲಲ್ಲದೆ ಬೇರೆಲ್ಲೂ ಪಡೆಯದಂತೆ ನಿರ್ಬಂಧಿಸಬೇಕು." ಹೀಗೆ ಬರೆದರೆ ವ್ಯಾಪಾರ ನಡೆಯುತ್ತಲೇ ಇರುತ್ತದೆ, ಸೋರುವುದಷ್ಟೇ ನಿಲ್ಲುತ್ತದೆ. ನ್ಯಾಯಾಧೀಶರೂ ಇದನ್ನು ಕೊಡಲು ಹಿಂಜರಿಯುವುದು ಕಡಿಮೆ.

ಷೆಡ್ಯೂಲ್ ಸಡಿಲವಾದರೆ ಎಲ್ಲವೂ ಸಡಿಲ. "ಎದುರುದಾರರ ಎಲ್ಲ ವ್ಯಾಪಾರದ ಆಸ್ತಿಗಳು" ಎಂದು ಬರೆದರೆ ಯಾರನ್ನೂ ಕಟ್ಟಿಹಾಕಲಾಗದು. ಜಮೀನಿಗೆ ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ. ಲಾರಿಗೆ ನೋಂದಣಿ ಸಂಖ್ಯೆ ಮತ್ತು ಚಾಸಿಸ್ ಸಂಖ್ಯೆ. ಖಾತೆಗೆ ಬ್ಯಾಂಕ್, ಶಾಖೆ, ಖಾತೆ ಸಂಖ್ಯೆ. ಯಂತ್ರಕ್ಕೆ ತಯಾರಕರ ಹೆಸರು, ಸೀರಿಯಲ್ ನಂಬರ್. ಸಂಸ್ಥೆಗೆ ಜಿಎಸ್‌ಟಿಐಎನ್ ಮತ್ತು ಎಪಿಎಂಸಿ ಲೈಸೆನ್ಸ್ ಸಂಖ್ಯೆ ಇರಲೇಬೇಕು.

ವಖಾರಿಯೊಳಗೆ ಕಮಿಷನರ್

ನಾವು ಅತಿ ಹೆಚ್ಚು ಅಂಕ ಕೊಟ್ಟಿರುವುದು ಇದಕ್ಕೆ. ಆರ್ಡರ್ 39 ರೂಲ್ 7 ವ್ಯಾಜ್ಯದ ವಸ್ತುವನ್ನು ಕಾಯಲು, ಪರಿಶೀಲಿಸಲು, ಅದಿರುವ ಜಾಗದೊಳಗೆ ಹೋಗಲು ಅನುಮತಿಸುತ್ತದೆ; ಆರ್ಡರ್ 26 ಕಮಿಷನರ್ ನೇಮಕದ್ದು, ಅದರ ರೂಲ್ 11 ಲೆಕ್ಕಪತ್ರ ಪರಿಶೀಲನೆಗೆ. "ಸಾಕ್ಷ್ಯ ಹುಡುಕಲು ಕಮಿಷನರನ್ನು ಕಳಿಸಲಾಗದು" ಎಂಬ ತಕರಾರು ಬಂದೇ ಬರುತ್ತದೆ, ಆ ಮಾತಿನಲ್ಲಿ ಕಾನೂನೂ ಇದೆ. ಆದ್ದರಿಂದ ಅರ್ಜಿಯ ಒತ್ತು ಸಾಕ್ಷ್ಯ ಸಂಗ್ರಹದ ಮೇಲಿರದೆ, ಕರಗಿಹೋಗುವ ದಾಸ್ತಾನಿನ ಇಂದಿನ ಸ್ಥಿತಿಯನ್ನು ದಾಖಲಿಸಿ ಉಳಿಸುವುದರ ಮೇಲಿರಬೇಕು.

ಕಮಿಷನರ್ ಸಾಮಾನ್ಯವಾಗಿ ಒಬ್ಬ ವಕೀಲರು. ಶುಲ್ಕವನ್ನು ನ್ಯಾಯಾಲಯ ನಿಗದಿ ಮಾಡುತ್ತದೆ. ಅರ್ಜಿದಾರರು ಮುಂಚಿತವಾಗಿ ಕಟ್ಟಬೇಕು. ಅವರಿಗೆ ಅಡಿಕೆ ವ್ಯಾಪಾರ ಗೊತ್ತಿರಬೇಕೆಂದಿಲ್ಲ. ಕೆಲಸ ಕೆಡುವುದು ಅಲ್ಲೇ, ಅದನ್ನು ಉಳಿಸುವುದು ನೀವು ಕೊಡುವ ಸೂಚನಾ ಮೆಮೊ. "ವಖಾರಿ ಪರಿಶೀಲಿಸಿ ವರದಿ ಕೊಡಿ" ಎಂದಷ್ಟೇ ಇದ್ದರೆ ವರದಿಯಲ್ಲಿ "ಅಡಿಕೆ ಚೀಲಗಳು ಕಂಡುಬಂದವು" ಎಂದಿರುತ್ತದೆ. ಯಾರಿಗೂ ಉಪಯೋಗವಿಲ್ಲ.

ಮೆಮೊದಲ್ಲಿ ಇರಬೇಕಾದದ್ದು ಇಷ್ಟು. ಚೀಲಗಳನ್ನು ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ ಎಂದು ಬೇರೆ ಬೇರೆಯಾಗಿ ಎಣಿಸಬೇಕು, ಏಕೆಂದರೆ ಸರಕಿನ ಧಾರಣೆಗೂ ಗೊರಬಲಿನ ಧಾರಣೆಗೂ ಅಜಗಜಾಂತರ. ಪ್ರತಿ ಬಗೆಯಿಂದ ಹತ್ತು ಚೀಲ ಆರಿಸಿ ಮಂಡಿಯ ತಕ್ಕಡಿಯಲ್ಲೇ ತೂಗಿ ಸರಾಸರಿ ಬರೆದುಕೊಳ್ಳಬೇಕು. ಚೀಲದ ಮೇಲಿನ ಗುರುತು ಕಾಣುವಂತೆ ದಿನಾಂಕ ಸಹಿತ ಫೋಟೊ ತೆಗೆಯಬೇಕು. ಆವಕದ ಪುಸ್ತಕ, ಜಾವಕದ ಪುಸ್ತಕ, ಪಟ್ಟಿ ಪುಸ್ತಕಗಳ ಕೊನೆಯ ಬರಹದ ಕೆಳಗೆ ಕಮಿಷನರ್ ಗೆರೆ ಎಳೆದು ಸಹಿ ಹಾಕಬೇಕು. ಆ ಗೆರೆಯ ಮೇಲೆ ಮುಂದೆ ಯಾರೂ ಹಿಂದಿನ ತಾರೀಖಿನ ಸಾಲು ತುರುಕಲಾಗದು. ಕಂಪ್ಯೂಟರಿನ ಲೆಕ್ಕವಿದ್ದರೆ ಅದರ ಬ್ಯಾಕಪ್ ಪ್ರತಿಯನ್ನು ಅಲ್ಲೇ ತೆಗೆದುಕೊಂಡು ಹ್ಯಾಶ್ ಮೌಲ್ಯ (ಕಡತವನ್ನು ತಿದ್ದಿದರೆ ಬದಲಾಗುವ ಡಿಜಿಟಲ್ ಗುರುತು) ಬರೆಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರದಲ್ಲಿ ಅದು ಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತು: ಕಮಿಷನ್ ಮಂಡಿಯಲ್ಲಿ ಕಾಣುವ ಅಡಿಕೆಯೆಲ್ಲ ಮಂಡಿಯವರದ್ದಲ್ಲ. ಧಾರಣೆ ಏರಲಿ ಎಂದು ರೈತರು ತಂದು ಇಟ್ಟುಹೋದ ಚೀಲಗಳೂ ಅಲ್ಲೇ ಇರುತ್ತವೆ. ಅವುಗಳ ಒಡೆತನ ರೈತರದು; ಮಂಡಿಗೆ ಬರುವುದು ಕಮಿಷನ್ ಮತ್ತು ಕೊಟ್ಟ ಮುಂಗಡದ ವಸೂಲಿ ಮಾತ್ರ. ರೈತವಾರು ಬೇರ್ಪಡಿಸದೆ ಇಡೀ ವಖಾರಿಗೆ ತಡೆ ತಂದರೆ ಮೂರನೇ ದಿನಕ್ಕೆ ರೈತರು ಅರ್ಜಿ ಹಿಡಿದು ಕೋರ್ಟಿಗೆ ಬರುತ್ತಾರೆ, ಅವರ ಜೊತೆಯಲ್ಲೇ ನಿಮ್ಮ ಆದೇಶವೂ ಹೋಗುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಎಂದರೆ ಆ ಮಂಡಿಗೆ ಮತ್ತೆ ಯಾರೂ ಅಡಿಕೆ ತರುವುದಿಲ್ಲ. ನಂಬಿಕೆ ಹೋದ ಮಂಡಿಯಲ್ಲಿ ಗೆದ್ದವರಿಗೆ ಸಿಗುವುದು ಬೋರ್ಡು ಮತ್ತು ತಕ್ಕಡಿ. ಸ್ವಂತ ಖರೀದಿಯ ದಾಸ್ತಾನು ಎಷ್ಟು, ರೈತರದ್ದು ಎಷ್ಟು ಎಂದು ಬೇರ್ಪಡಿಸಿದ ಮೇಲೆಯೇ ತಡೆ ಕೇಳಿ.

ಲೆಕ್ಕದ ಗಾತ್ರ ಗೊತ್ತಾಗಲಿ ಎಂದು ಒಂದು ಉದಾಹರಣೆ. ಸ್ವಂತ ದಾಸ್ತಾನು 400 ಚೀಲ, ಸರಾಸರಿ ಚೀಲಕ್ಕೆ 65 ಕೆಜಿ ಎಂದುಕೊಳ್ಳಿ: 260 ಕ್ವಿಂಟಾಲ್. ಕ್ವಿಂಟಾಲಿಗೆ 50,000 ರೂಪಾಯಿ ಹಿಡಿದರೆ 1 ಕೋಟಿ 30 ಲಕ್ಷ. ಇದೇ ಸಂಸ್ಥೆ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲಕ್ಕಾಗಿ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ 700 ಚೀಲ ಎಂದಿದ್ದರೆ, ಉಳಿದ 300 ಚೀಲ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಎದುರಿನವರು ಉತ್ತರಿಸಲೇಬೇಕು. ಒಂದೋ ಬ್ಯಾಂಕಿಗೆ ಸುಳ್ಳು ಹೇಳಿದ್ದಾರೆ, ಇಲ್ಲವೇ ಕೋರ್ಟಿನಿಂದ ಮುಚ್ಚಿಟ್ಟಿದ್ದಾರೆ. ಬ್ಯಾಂಕಿನಿಂದ ಆ ಸ್ಟೇಟ್‌ಮೆಂಟ್ ತರಿಸಲು ಸಮನ್ಸ್ ಕೇಳಿ. ಖಾತೆಯ ನಮೂದುಗಳಿಗೆ 1891ರ ಬ್ಯಾಂಕರುಗಳ ಪುಸ್ತಕ ಸಾಕ್ಷ್ಯ ಕಾಯ್ದೆಯ ಕೆಳಗೆ ದೃಢೀಕೃತ ಪ್ರತಿ ಸಾಕು. ಮಾಮ್‌ಕೋಸ್‌ನಂಥ ಅಡಿಕೆ ಸಹಕಾರ ಸಂಘದ ಮೂಲಕ ಮಾರಾಟ ನಡೆದಿದ್ದರೆ ಸದಸ್ಯರ ಖಾತೆಯ ಲೆಕ್ಕವನ್ನೂ ಸಮನ್ಸ್ ಮೂಲಕ ತರಿಸಬಹುದು.

ಪಟ್ಟಿ ಆದ ಮೇಲೆ ಸಿಪಿಸಿಯ ಸೆಕ್ಷನ್ 94(ಇ) ಮತ್ತು 151ರ ಕೆಳಗೆ ಮಾಸಿಕ ಲೆಕ್ಕದ ಆದೇಶ ಕೇಳಿ: ಪ್ರತಿ ತಿಂಗಳ 10ರೊಳಗೆ ಖರೀದಿ, ಮಾರಾಟ, ದಾಸ್ತಾನು, ಬಾಕಿ, ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಹಿಂದಿನ ಅವಧಿಯ ಜಿಎಸ್‌ಟಿ ರಿಟರ್ನ್. ರಿಟರ್ನಿನ ಮಾರಾಟಕ್ಕೂ ಕೋರ್ಟಿಗೆ ಕೊಟ್ಟ ಮಾರಾಟಕ್ಕೂ ತಾಳೆಯಾಗದಿದ್ದರೆ ಮುಂದಿನ ಕಠಿಣ ಆದೇಶಕ್ಕೆ ಅದೇ ಕಾರಣವಾಗುತ್ತದೆ.

ದಾಸ್ತಾನು ಮಳೆಗಾಲ ದಾಟಿ ಉಳಿಯಬೇಕಾದ ಸ್ಥಿತಿ ಬಂದರೆ ಆರ್ಡರ್ 39 ರೂಲ್ 6 ನೆನಪಿರಲಿ. ಕೆಡುವ ಸರಕನ್ನು, ಅಥವಾ ಕೂಡಲೇ ಮಾರಲು ಬೇರೆ ತಕ್ಕ ಕಾರಣವಿರುವ ಸರಕನ್ನು ಮಾರಿಸಲು ನ್ಯಾಯಾಲಯ ಹೇಳಬಹುದು. ಬೂಷ್ಟು ಹಿಡಿದ ಅಡಿಕೆ ಕಾಯುವುದರಲ್ಲಿ ಇಬ್ಬರಿಗೂ ಲಾಭವಿಲ್ಲ. ಎಪಿಎಂಸಿ ಯಾರ್ಡಿನಲ್ಲಿ ಟೆಂಡರ್ ಮೂಲಕ ಮಾರಿ ಹಣವನ್ನು ಕೋರ್ಟಿನಲ್ಲಿ ಠೇವಣಿ ಇಡಿಸುವಂತೆ ಕೇಳಿ.

ತೋಟದ ಸ್ಟೇ, ಚೇಣಿಯ ದುಡ್ಡು

ಸ್ಥಿರಾಸ್ತಿಗೆ ಕಾನೂನಿನ ಆಸರೆ ಮೊದಲೇ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 52 ಪ್ರಕಾರ ವ್ಯಾಜ್ಯ ನಡೆಯುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರು. ಮಾರಾಟ ಅಸಿಂಧುವಾಗುವುದಿಲ್ಲ, ಆದರೆ ಕೊಂಡವರ ಹಕ್ಕು ತೀರ್ಪಿನ ಅಡಿಯಾಳು. ಈ ರಕ್ಷಣೆ ಸ್ಥಿರಾಸ್ತಿಗೆ ಮಾತ್ರ. ಚೀಲ, ಲಾರಿ, ಯಂತ್ರ, ಬಾಕಿ ವಸೂಲಿಗೆ ಇಲ್ಲ. ಅದಕ್ಕೇ ಹೇಳುವುದು, ಮೊದಲ ದಿನದ ಶ್ರಮವನ್ನೆಲ್ಲ ತೋಟದ ಮೇಲೆ ಸುರಿಯಬೇಡಿ ಎಂದು.

ತೋಟಕ್ಕೆ ಆದೇಶ ಸಿಕ್ಕರೂ ಫಸಲು ತಪ್ಪಿಸಿಕೊಳ್ಳುತ್ತದೆ. "ಪರಭಾರೆ ಮಾಡಬಾರದು" ಎಂದು ಜಮೀನಿಗೆ ಇದ್ದರೆ, ಕೊಯ್ಲಿಗೆ ಮೊದಲೇ ಮರದ ಮೇಲಿನ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟು ಮುಂಗಡ ನಗದಾಗಿ ಎಣಿಸಿಕೊಳ್ಳಲು ಏನೂ ಅಡ್ಡಿಯಿಲ್ಲ. ಕೋರಿಕೆಯಲ್ಲಿ ನಿಂತ ಫಸಲು, ಚೇಣಿ ಕರಾರು, ಚೇಣಿದಾರರಿಂದ ಬರುವ ಮುಂಗಡ ಎಂಬ ಮೂರೂ ಬಿಡಿಬಿಡಿಯಾಗಿ ಇರಲಿ. ಚೇಣಿ ಹಣ ನಿರ್ದಿಷ್ಟ ಖಾತೆಗೇ ಜಮೆಯಾಗಬೇಕು ಎಂದಿರಲಿ. ಸಿವಿಲ್ ನ್ಯಾಯಾಲಯಗಳಿಗೆ ದಸರಾ ರಜೆ ಬೀಳುವ ಹೊತ್ತಿಗೇ ಇಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾಗುತ್ತದೆ. ಅರ್ಜಿ ಆಗಸ್ಟಿನಲ್ಲೇ ಕೋರ್ಟಿನೊಳಗಿರಬೇಕು.

ತೋಟ ಅವಿಭಕ್ತ ಕುಟುಂಬದ್ದಾದರೆ ಹೆಂಡತಿಗೆ ಅದರಲ್ಲಿ ಸಹಭಾಗಿತ್ವದ ಹಕ್ಕಿಲ್ಲ. ಗಂಡನ ಭಾಗವೂ ಇನ್ನೂ ಅಳೆದಿಲ್ಲ. ಇಡೀ ತೋಟಕ್ಕೆ ತಡೆ ಕೇಳಿದರೆ ಮಾವ, ಮೈದುನ, ಅತ್ತಿಗೆ ಎಲ್ಲರೂ ತಕರಾರು ಹಾಕುತ್ತಾರೆ. ಗಂಡ ತನ್ನ ಅವಿಭಕ್ತ ಹಿಸ್ಸೆಯನ್ನು ಪರಭಾರೆ ಮಾಡದಂತೆ, ಬಿಟ್ಟುಕೊಡದಂತೆ ಎಂದಷ್ಟಕ್ಕೆ ಕೋರಿಕೆ ನಿಲ್ಲಿಸಿ. ಹಕ್ಕು ಬಿಡುಗಡೆ ಪತ್ರದ ಹೆಸರು ಹೇಳಿಯೇ ಬರೆಯಿರಿ, ತಪ್ಪಿಸಿಕೊಳ್ಳುವ ದಾರಿ ಬಹುಮಟ್ಟಿಗೆ ಅದೇ.

ಆದೇಶದ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿ ಕಚೇರಿಗೂ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರಕ್ಕೂ ಸ್ವೀಕೃತಿ ಪಡೆದು ಕೊಡಬೇಕು. ಪಹಣಿಯ 11ನೇ ಕಾಲಂನಲ್ಲಿ ಆದೇಶ ನಮೂದಾಯಿತೇ ಎಂದು ಹದಿನೈದು ದಿನ ಬಿಟ್ಟು ಪಹಣಿ ತೆಗೆದು ನೋಡಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆದು ಕೇಸು ಹಾಕುವ ಹಿಂದಿನ ಆರು ತಿಂಗಳಲ್ಲಿ ಏನಾದರೂ ನೋಂದಣಿಯಾಗಿದೆಯೇ ಎಂದೂ ನೋಡಿ. ವಾಹನವಿದ್ದರೆ ಆರ್‌ಟಿಒ ಕಚೇರಿಗೆ, ಸಾಲವಿದ್ದರೆ ಬ್ಯಾಂಕಿನ ಶಾಖೆಗೆ ಒಂದೊಂದು ನಕಲು. ಆದೇಶ ಕೈಯಲ್ಲಿದ್ದೂ ಯಾರಿಗೂ ತಲುಪಿಸದೆ ಕುಳಿತರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಖಾತೆ ಫ್ರೀಜ್, ಜಪ್ತಿ, ರಿಸೀವರ್

ಚಾಲ್ತಿ ಖಾತೆ ನಿಲ್ಲಿಸಿದ ಮರುದಿನ ಹಮಾಲರ ಕೂಲಿ ನಿಲ್ಲುತ್ತದೆ, ರೈತರಿಗೆ ಕೊಟ್ಟ ಚೆಕ್ ವಾಪಸಾಗುತ್ತದೆ, ಸಿಸಿ ಸಾಲದ ಬಡ್ಡಿ ಬಾಕಿ ಬೀಳುತ್ತದೆ. 90 ದಿನ ದಾಟಿದರೆ ಸಾಲ ಎನ್‌ಪಿಎ (ವಸೂಲಾಗದ ಸಾಲ). ಆಮೇಲೆ ಬ್ಯಾಂಕ್, ಅಡವಿನ ಆಸ್ತಿಯನ್ನು ತಾನೇ ವಶಕ್ಕೆ ಪಡೆಯಲು ಬಿಡುವ 2002ರ ಸರ್ಫೇಸಿ ಕಾಯ್ದೆ ಹಿಡಿದು ಬರುತ್ತದೆ. ಅದರ ಸೆಕ್ಷನ್ 34 ಪ್ರಕಾರ ಬ್ಯಾಂಕಿನ ಕ್ರಮಕ್ಕೆ ಸಿವಿಲ್ ನ್ಯಾಯಾಲಯ ತಡೆ ಕೊಡುವಂತಿಲ್ಲ. ಜಗಳವಾಡುತ್ತಿರುವ ಇಬ್ಬರ ಆಸ್ತಿಯೂ ಬ್ಯಾಂಕಿನ ಪಾಲು. ಫ್ರೀಜ್ ಬದಲು ಮಿತಿ ಕೇಳಿ: ಇಂತಿಷ್ಟು ರೂಪಾಯಿಗಿಂತ ಹೆಚ್ಚಿನ ನಗದು ತೆಗೆಯಬಾರದು, ಸಂಬಂಧಿಕರ ಖಾತೆಗೆ ವರ್ಗಾವಣೆ ಕೂಡದು, ಠೇವಣಿಗಳನ್ನು ಮುರಿಯಬಾರದು.

ತೀರ್ಪಿಗೆ ಮುಂಚಿನ ಜಪ್ತಿ ಆರ್ಡರ್ 38 ರೂಲ್ 5ರಲ್ಲಿದೆ. ತೀರ್ಪಿನ ಜಾರಿಗೆ ಅಡ್ಡಿಪಡಿಸುವ ಉದ್ದೇಶದಿಂದಲೇ ಆಸ್ತಿ ಸಾಗಿಸುತ್ತಿದ್ದಾರೆ ಎಂದು ನಿಖರವಾಗಿ ತೋರಿಸಬೇಕು. 2007ರ ರಾಮನ್ ಟೆಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಅಧಿಕಾರವನ್ನು ಬಹಳ ವಿರಳವಾಗಿ, ಎಚ್ಚರದಿಂದ ಬಳಸಬೇಕು ಎಂದಿದೆ. ಭದ್ರತೆ ಕೊಟ್ಟರೆ ಜಪ್ತಿ ತಪ್ಪುತ್ತದೆ, ಅದು ನಿಮಗೂ ಕೆಟ್ಟದ್ದಲ್ಲ. ಎರಡೂವರೆ ಅಂಕ.

ಆರ್ಡರ್ 40ರ ರಿಸೀವರ್, ಅಂದರೆ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸುವ ವ್ಯಕ್ತಿ, ಕೊನೆಯ ಅಸ್ತ್ರ. ಅವರ ಸಂಭಾವನೆ ವ್ಯಾಪಾರದಿಂದಲೇ ಹೋಗಬೇಕು. ಧಾರಣೆ, ಮುಂಗಡ, ಗಿರಾಕಿಯ ಮುಖ ಮೂರೂ ಗೊತ್ತಿಲ್ಲದವರು ಮಂಡಿ ನಡೆಸಲಾರರು. ಬಾಡಿಗೆ ಬರುವ ಕಟ್ಟಡ, ಗೋದಾಮಿಗೆ ಮಾತ್ರ ರಿಸೀವರ್ ಚೆನ್ನಾಗಿ ಒಪ್ಪುತ್ತದೆ.

ವ್ಯಾಪಾರ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಅದರ ಲಾರಿ, ಯಂತ್ರ ಕಂಪನಿಯ ಆಸ್ತಿ, ಗಂಡನದಾಗಲಿ ಹೆಂಡತಿಯದಾಗಲಿ ಅಲ್ಲ. ತಡೆ ಕೇಳಬೇಕಾದದ್ದು ಷೇರುಗಳ ವರ್ಗಾವಣೆಗೆ. ನೀವೂ ಷೇರುದಾರರಾಗಿದ್ದು ಕಂಪನಿಯ ಆಡಳಿತದ ಬಗ್ಗೆ ದೂರಿದ್ದರೆ ಅದು 2013ರ ಕಂಪನಿ ಕಾಯ್ದೆಯ ಸೆಕ್ಷನ್ 241ರ ಕೆಳಗೆ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ (ಎನ್‌ಸಿಎಲ್‌ಟಿ) ಕೆಲಸ. ಹೋಂಸ್ಟೇಗಳಲ್ಲಿ ಬುಕಿಂಗ್ ಆ್ಯಪ್‌ಗಳಿಂದ ಹಣ ಜಮೆಯಾಗುವ ಖಾತೆಯನ್ನು ಬದಲಿಸದಂತೆ ಒಂದು ಸಾಲು ಸೇರಿಸಿದರೆ ಬಹುಪಾಲು ಕೆಲಸ ಮುಗಿಯಿತು.

ಮಹಿಳೆಯರಿಗೆ ಇರುವ ಬೇಗದ ದಾರಿ

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆಯನ್ನು ಹೊಡೆತ-ಬಡಿತಕ್ಕೆ ಮಾತ್ರ ಎಂದು ತಿಳಿದಿರುವುದು ದೊಡ್ಡ ನಷ್ಟ. ಸೆಕ್ಷನ್ 3ರ ಆರ್ಥಿಕ ಹಿಂಸೆಯಲ್ಲಿ ಚರ, ಸ್ಥಿರ ಆಸ್ತಿ, ಷೇರುಗಳ ಪರಭಾರೆಯೂ ಸೇರಿದೆ. ಸೆಕ್ಷನ್ 18(ಇ) ಕೆಳಗೆ ಆಸ್ತಿ ಪರಭಾರೆ ಮಾಡದಂತೆ, ಜಂಟಿಯಾಗಿ ಅಥವಾ ಎದುರುದಾರ ಒಬ್ಬನೇ ಬಳಸುವ ಲಾಕರ್, ಖಾತೆಗಳನ್ನು ನಿರ್ವಹಿಸದಂತೆ ಮ್ಯಾಜಿಸ್ಟ್ರೇಟರು ತಡೆಯಬಹುದು. ಸೆಕ್ಷನ್ 23ರಲ್ಲಿ ಏಕಪಕ್ಷೀಯ ಮಧ್ಯಂತರ ಆದೇಶ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಇರಬೇಕು ಎನ್ನುತ್ತದೆ ಕಾಯ್ದೆ. ಆದೇಶ ಮುರಿದರೆ ಸೆಕ್ಷನ್ 31ರಲ್ಲಿ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸೆಕ್ಷನ್ 26 ಇರುವುದರಿಂದ ಇದೇ ಪರಿಹಾರವನ್ನು ಕೌಟುಂಬಿಕ ನ್ಯಾಯಾಲಯದಲ್ಲೂ ಕೇಳಬಹುದು. ವ್ಯಾಪಾರದಲ್ಲಿ ಹೆಸರಿಲ್ಲದ ಹೆಂಡತಿಗೆ ಇದು ಆರ್ಡರ್ 39ಕ್ಕಿಂತ ಹತ್ತಿರದ ದಾರಿ, ನಾಲ್ಕು ಅಂಕ. ಹಿಂಸೆಯ ವಿವರವನ್ನು ದಿನಾಂಕ ಸಹಿತ ಬರೆಯದೆ ಬರೀ ಆಸ್ತಿ ಪಟ್ಟಿ ಹಾಕಿದರೆ ಮಾತ್ರ ಅರ್ಜಿ ನಿಲ್ಲುವುದಿಲ್ಲ.

ಜೀವನಾಂಶದ ಅರ್ಜಿಯಲ್ಲಿ ಸಿಗುವ ಇನ್ನೊಂದು ಒಳ್ಳೆಯ ಸಾಧನ ಆಸ್ತಿ ಮತ್ತು ಹೊಣೆಗಳ ಅಫಿಡವಿಟ್. ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಕೊಟ್ಟ ತೀರ್ಪಿನ ನಂತರ ಇಬ್ಬರೂ ಇದನ್ನು ಸಲ್ಲಿಸಬೇಕು. ಎದುರುದಾರರಿಗೆ ಗರಿಷ್ಠ ನಾಲ್ಕು ವಾರ. ಸುಳ್ಳು ಹೇಳಿದರೆ ಕ್ರಮ ಜರುಗಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) ಸೆಕ್ಷನ್ 379 ಇದೆ. ಅಂತಿಮ ಆದೇಶದಲ್ಲಿ ಜೀವನಾಂಶಕ್ಕೆ ನಿರ್ದಿಷ್ಟ ಆಸ್ತಿಯ ಮೇಲೆ ಚಾರ್ಜ್ (ಆ ಹಣಕ್ಕೆ ಆಸ್ತಿಯೇ ಭದ್ರತೆ ಎಂಬ ಹೊಣೆ) ಕೇಳುವುದನ್ನು ಮರೆಯಬೇಡಿ. ತೀರ್ಪು ಅಥವಾ ಒಪ್ಪಂದದಲ್ಲಿ ಹೇಳದಿದ್ದರೆ ಚಾರ್ಜ್ ತಾನಾಗಿ ಹುಟ್ಟುವುದಿಲ್ಲ.

ಆದೇಶ ಮುರಿದರೆ, ಆದೇಶ ತಪ್ಪಾಗಿದ್ದರೆ

ಸಿವಿಲ್ ತಡೆಯಾಜ್ಞೆ ಮುರಿದವರಿಗೆ ಆರ್ಡರ್ 39 ರೂಲ್ 2ಎ: ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಬಂಧನ. ಆದೇಶ ಅವರಿಗೆ ಗೊತ್ತಿತ್ತು ಎಂಬ ದಾಖಲೆ ಇಲ್ಲದೆ ಈ ಅರ್ಜಿ ಗೆಲ್ಲುವುದಿಲ್ಲ. ಅಂಚೆ ರಸೀದಿ, ಅಮೀನರ ವರದಿ, ವಕೀಲರು ಹಾಜರಾದ ದಿನದ ಆದೇಶ ಪತ್ರ ಮೂರನ್ನೂ ಜೋಪಾನವಾಗಿಡಿ.

ಎದುರು ಬದಿಯಲ್ಲಿ ನಿಂತವರಿಗೂ ದಾರಿಗಳಿವೆ. ಮುಖ್ಯ ವಿಷಯ ಮುಚ್ಚಿಟ್ಟು ಅಥವಾ ಸುಳ್ಳು ಹೇಳಿ ಪಡೆದ ಆದೇಶವನ್ನು ರೂಲ್ 4ರಲ್ಲಿ ತೆರವು ಮಾಡಿಸಬಹುದು. ಸಾಕಷ್ಟು ಆಧಾರವಿಲ್ಲದೆ ತಡೆಯಾಜ್ಞೆ ತಂದು ನಷ್ಟ ಮಾಡಿದರೆ ಸಿಪಿಸಿಯ ಸೆಕ್ಷನ್ 95ರಲ್ಲಿ 50,000 ರೂಪಾಯಿವರೆಗೆ ಪರಿಹಾರವಿದೆ. ಸಂಸ್ಥೆ ಹೆಂಡತಿಯ ಹೆಸರಿನಲ್ಲಿದ್ದು ಗಂಡ ನಡೆಸುತ್ತಿದ್ದ ಕೇಸುಗಳಲ್ಲೂ ಮೇಲೆ ಹೇಳಿದ ಪಟ್ಟಿ-ಲೆಕ್ಕದ ಆದೇಶವೇ ಇಬ್ಬರಿಗೂ ಸರಿಹೊಂದುತ್ತದೆ. ಕೌಟುಂಬಿಕ ನ್ಯಾಯಾಲಯದ ಮಧ್ಯಂತರ ಆದೇಶದ ಮೇಲೆ 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 19ರಲ್ಲಿ ಮೇಲ್ಮನವಿ ಇಲ್ಲ. ಸಂವಿಧಾನದ 227ನೇ ವಿಧಿಯ ರಿಟ್ ಹಾಕಬೇಕು. ಶಿವಮೊಗ್ಗ ಜಿಲ್ಲೆಯವರು ಹೋಗಬೇಕಾದದ್ದು ಬೆಂಗಳೂರಿನ ಪ್ರಧಾನ ಪೀಠಕ್ಕೆ, ಪಕ್ಕದ ಶಿರಸಿ-ಸಿದ್ದಾಪುರದವರು ಧಾರವಾಡ ಪೀಠಕ್ಕೆ.

ಖರ್ಚಿನ ಭಯಕ್ಕೆ ಹಿಂದೆ ಸರಿಯುವ ಮಹಿಳೆಯರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. 1987ರ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ವಕೀಲರ ನೆರವು ಉಚಿತ, ಸಹಾಯವಾಣಿ 15100. ಹೋಗುವಾಗ ಸಂಸ್ಥೆಯ ಜಿಎಸ್‌ಟಿಐಎನ್, ಕಳೆದ ವರ್ಷದ ಯಾವುದಾದರೂ ಒಂದು ಬಿಲ್, ಬ್ಯಾಂಕ್ ಖಾತೆ ಸಂಖ್ಯೆ, ಪಹಣಿ, ಮಳಿಗೆಯ ಫೋಟೊ ಇಷ್ಟಿದ್ದರೆ ಷೆಡ್ಯೂಲ್ ಬರೆಯುವ ಕೆಲಸ ಆ ದಿನವೇ ಶುರುವಾಗುತ್ತದೆ.